ಲ್ಯಾಂಡ್ ರೋವರ್ ಡಿಫೆಂಡರ್ 110: ವಾರವಿಡೀ ಬೆಂಗಳೂರು, ತಿಂಗಳಿಗೆರಡು ಸಲ ತೋಟ. ದಿನಾ ಓಡಿಸೋಕೆ ಆಗುತ್ತಾ?

ಕಾಫಿಗಿಡ (ಜೆ.ಪಿ. ನಗರ / ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ತಲೆ ಕೊರೆಯುತ್ತಿರುವ ವಿಷಯ, ಇಲ್ಲಿ ಹಾಕಿಬಿಡುತ್ತೇನೆ.

ನಾನಿರೋದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ. ಆಫೀಸು 6 ಕಿ.ಮೀ. ಮಗಳ ಶಾಲೆ ಅದೇ ದಾರಿಯಲ್ಲಿ. ತಿಂಗಳಿಗೆ ಎರಡು ಸಲ ಸಕಲೇಶಪುರದ ಹತ್ತಿರದ ತೋಟಕ್ಕೆ ಹೋಗುತ್ತೇನೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಒಂದು ಕಡೆಗೆ 220 ಕಿ.ಮೀ. ಕೊನೆಯ 3 ಕಿ.ಮೀ. ಮಣ್ಣು ರಸ್ತೆ. ಜುಲೈ ತಿಂಗಳಲ್ಲಿ ಅದನ್ನು ರಸ್ತೆ ಅಂತ ಕರೆಯೋದೇ ಕಷ್ಟ. ಈಗಿರೋದು ಏಳು ವರ್ಷದ ಇನ್ನೋವಾ ಕ್ರಿಸ್ಟಾ. ಅದರ ಮೇಲೆ ಒಂದೂ ದೂರಿಲ್ಲ. ಮಳೆ ಹಿಡಿದರೆ ಮಾತ್ರ ಕೊನೆಯ ಏರಿನ ಬುಡದಲ್ಲಿ ನಿಲ್ಲಿಸಿ, ತೋಟದ ಹಳೇ ಜೀಪ್ ಬರೋತನಕ ಕಾಯಬೇಕು.

ಇದು ನೆಪ. ನಿಜ ಹೇಳಬೇಕಂದ್ರೆ ಆಸೆ. 2019ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಈ ಹೊಸ ಡಿಫೆಂಡರ್ ತೋರಿಸಿದ ದಿನದಿಂದ ಮನಸ್ಸಿನಲ್ಲಿದೆ. ಈಗ ಡೀಸೆಲ್ 110ನ್ನು ಎರಡು ಸಲ ಓಡಿಸಿ ನೋಡಿದೆ. ಡಿ300, 3 ಲೀಟರ್ ಆರು ಸಿಲಿಂಡರ್, 300 ಅಶ್ವಶಕ್ತಿ, 650 ನ್ಯೂಟನ್ ಮೀಟರ್ ಟಾರ್ಕ್. ಕಾಲಿಟ್ಟರೆ ಸಾಕು, ಎರಡು ಟನ್ ಮೀರಿದ ಗಾಡಿ ಸದ್ದಿಲ್ಲದೆ ಎದ್ದು ಹೋಗುತ್ತೆ. ಎತ್ತರ ಎಷ್ಟಂದ್ರೆ ಸಿಗ್ನಲ್‌ನಲ್ಲಿ ಬಿಎಂಟಿಸಿ ಡ್ರೈವರ್ ಮುಖ ನೇರವಾಗಿ ಕಾಣುತ್ತೆ. ಅವರೂ ಒಂದು ನಗು ಕೊಟ್ಟರು. ನಮ್ಮ ಏರಿಯಾದ ಹಂಪುಗಳು ಇದ್ದವೋ ಇಲ್ಲವೋ ಗೊತ್ತಾಗಲಿಲ್ಲ.

ಎರಡನೇ ಸಲ ಅಮ್ಮ ಊರಿಂದ ಬಂದಿದ್ದರು, ಅವರನ್ನೂ ಕೂರಿಸಿದೆ. ಗಾಡಿ ನಿಂತಾಗ ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಬಲೂನು) 50 ಮಿ.ಮೀ. ಕೆಳಗಿಳಿಯುತ್ತೆ ಅಂತ ನಾನು ವಿವರಿಸುತ್ತಿದ್ದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಹಿಡಿ ಹಿಡಿದು, ಒಂದು ಸಲ ಕಾಲೆತ್ತಿ ವಾಪಸ್ ಇಟ್ಟರು. ಎರಡನೇ ಸಲ ಹತ್ತಿದರು. ಕೂತ ಮೇಲೆ, "ಚೆನ್ನಾಗಿದೆ ಕಣೋ, ಇಳಿಯೋದು ಹೆಂಗೆ?" ಅಂದರು.

ನನಗೆ ಚಿಂತೆ ಹತ್ತಿದ್ದು ಯು-ಟರ್ನ್‌ನಲ್ಲಿ. ಕ್ರಿಸ್ಟಾ ಒಂದೇ ಸಲಕ್ಕೆ ತಿರುಗೋ ಜಾಗದಲ್ಲಿ ಇದಕ್ಕೆ ರಿವರ್ಸ್ ಹಾಕಬೇಕಾಯಿತು. ಹಿಂದೆ ಆಟೋಗಳ ಸಾಲು, ಹಾರ್ನ್ ಹಬ್ಬ. ಮನೆಗೆ ಬಂದು ನೋಡಿದೆ. ಕ್ರಿಸ್ಟಾಗೆ ತಿರುಗಲು 10.8 ಮೀಟರ್ ಸಾಕು, ಇದಕ್ಕೆ 12.84 ಮೀಟರ್ ಬೇಕು.

ದಿನಾ ಓಡಿಸೋರು ಯಾರಾದ್ರೂ ಇದ್ದರೆ ಹೇಳಿ. ಬೆಟ್ಟ ಹತ್ತೋ ವಿಡಿಯೊ ಸಾಕಷ್ಟು ನೋಡಿದ್ದೇನೆ. ಬೆಳಗ್ಗೆ ಎಂಟೂವರೆಗೆ ಶಾಲೆ ಗೇಟಿನ ಮುಂದೆ ಏನಾಗುತ್ತೆ ಅನ್ನೋದು ಬೇಕು.

ಇಂಬಳ (ಮೂಡಿಗೆರೆ)

3 ಕಿ.ಮೀ. ಮಣ್ಣು ರಸ್ತೆಗೆ ಒಂದು ಕೋಟಿ. ಕಿಲೋಮೀಟರಿಗೆ ಮೂವತ್ತಮೂರು ಲಕ್ಷ ಬಿತ್ತು. ಅದೇ ದುಡ್ಡಲ್ಲಿ ಕಾಂಕ್ರೀಟ್ ಹಾಕಿಸಿ ಸಾರ್, ಇನ್ನೋವಾನೇ ಮನೆ ಬಾಗಿಲಿಗೆ ಹೋಗುತ್ತೆ. ನಿಮ್ಮ ತೋಟದ ಜೀಪ್ ಯಾವ ಇಸವಿದು? ಅದು ಹತ್ತುತ್ತೆ ಅಂದಮೇಲೆ ಇನ್ನೇನು.

ಕಾಫಿಗಿಡ

ಹಹ್ಹ. ಜೀಪ್ 1987ರದ್ದು. ರಸ್ತೆ ಪಂಚಾಯ್ತಿದು, ನಮ್ಮದಲ್ಲ. ಹಾಕಿಸೋಕೆ ಹೋದರೆ ಇನ್ನೊಂದು ಚರ್ಚೆ ಶುರು ಮಾಡಬೇಕಾಗುತ್ತೆ.

ಬಿಡದಿಬಾಯ್ (ಕೆಂಗೇರಿ)

ಫಾರ್ಚೂನರ್ ಹೆಸರು ಇನ್ನೂ ಯಾರೂ ಎತ್ತಿಲ್ಲ, ಆಶ್ಚರ್ಯ! ನಮ್ಮ ಬಿಡದಿಯಲ್ಲೇ ತಯಾರಾಗೋ ಗಾಡಿ. 2.8 ಡೀಸೆಲ್ ಆಟೋಮ್ಯಾಟಿಕ್, 204 ಅಶ್ವಶಕ್ತಿ, 500 ಟಾರ್ಕ್. ಫೋರ್ ಬೈ ಫೋರ್‌ನಲ್ಲಿ ಕಡಿದಾದ ಏರಿಗೆ ಲೋ ರೇಂಜ್ ಗೇರ್ ಇದೆ, ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗಿಸೋ ಡಿಫರೆನ್ಷಿಯಲ್ ಲಾಕ್ ಇದೆ. ನಿಮ್ಮ ಏರಿಗೆ ಇಷ್ಟು ಬೇಕಾದಷ್ಟಾಯಿತು. ಅಗಲ 1,855 ಮಿ.ಮೀ., ಡಿಫೆಂಡರ್ ಕನ್ನಡಿ ಮಡಚಿದ ಮೇಲೂ 2,008. ಅರ್ಧ ಅಡಿ ವ್ಯತ್ಯಾಸ. ಬೆಂಗಳೂರಲ್ಲಿ ಅರ್ಧ ಅಡಿ ಅಂದ್ರೆ ಒಂದು ಸ್ಕೂಟಿ ಹ್ಯಾಂಡಲ್. ಸಕಲೇಶಪುರದಲ್ಲೂ ಯಾವ ಮೆಕ್ಯಾನಿಕ್ ಬೇಕಾದರೂ ಬಾನೆಟ್ ಎತ್ತುತ್ತಾನೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಖಾಲಿ ಗಾಡಿಯಲ್ಲಿ ಹಿಂದೆ ಕೂತರೆ ಎತ್ತಿ ಹಾಕುತ್ತೆ. ನಮ್ಮಪ್ಪ ಕನಕಪುರ ರಸ್ತೆಯಲ್ಲಿ ಒಂದು ಸಲ ಹಿಂದೆ ಕೂತವರು ಆಮೇಲೆ ಮುಂದಿನ ಸೀಟು ಬಿಟ್ಟಿಲ್ಲ.

ವರ್ತೂರುಕೋಡಿ (ವೈಟ್‌ಫೀಲ್ಡ್)

ನಾನು ಎರಡೂವರೆ ವರ್ಷದಿಂದ 110 ಡೀಸೆಲ್ ಓಡಿಸುತ್ತಿದ್ದೇನೆ. ಮನೆಯವರ ಹೆಸರಲ್ಲಿ ತಗೊಂಡಿದ್ದು, ಸ್ಟಿಯರಿಂಗ್ ಹಿಡಿಯೋದು ನಾನು. ಇಬ್ಬರು ಮಕ್ಕಳು, ಶಾಲೆ, ಈಜು ಕ್ಲಾಸು, ತರಕಾರಿ, ಎಲ್ಲಾ ಇದರಲ್ಲೇ. ಹಾಗಾಗಿ ಶಾಲೆ ಗೇಟಿನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ಗೇಟಿನ ಮುಂದೆ ಹೋಗಬೇಡಿ. ಅಷ್ಟೇ. ಇನ್ನೂರು ಮೀಟರ್ ಹಿಂದೆ ನಿಲ್ಲಿಸಿ, ಮಕ್ಕಳ ಕೈ ಹಿಡಿದು ನಡೆಸಿಕೊಂಡು ಹೋಗುತ್ತೇನೆ. ಮೊದಲ ವಾರ ಗೇಟಿನ ತನಕ ಹೋಗಿದ್ದೆ. ಎದುರಿಂದ ಶಾಲೆ ಬಸ್ಸು ಬಂತು. ಇಬ್ಬರಲ್ಲಿ ಒಬ್ಬರು ಹಿಂದೆ ಹೋಗಬೇಕು, ಬಸ್ಸಿನ ಹಿಂದೆ ಇನ್ನೆರಡು ಬಸ್ಸು. ನಾನು ಎಂಬತ್ತು ಮೀಟರ್ ರಿವರ್ಸ್ ಹೋದೆ. ಕ್ಯಾಮೆರಾ ಇದೆ, ಸುತ್ತಲೂ ಕಾಣುತ್ತೆ, ಆದರೂ ಅಂಗೈ ಬೆವತಿತ್ತು. ವಾಚ್‌ಮನ್ ಬಂದು "ಬನ್ನಿ ಮೇಡಂ ಬನ್ನಿ, ಲೆಫ್ಟು, ಲೆಫ್ಟು" ಅಂತ ಬಾನೆಟ್ ತಟ್ಟಿ ದಾರಿ ತೋರಿಸಿದರು.

ಪಾರ್ಕಿಂಗ್ ಇದಕ್ಕಿಂತ ದೊಡ್ಡ ಸಂಗತಿ. ನಮ್ಮ ಅಪಾರ್ಟ್‌ಮೆಂಟಿನ ಒಂದು ಜಾಗ ಎರಡೂವರೆ ಮೀಟರ್ ಅಗಲ. ಗಾಡಿ ಎರಡು ಮೀಟರ್. ಮಿಕ್ಕ ಅರ್ಧ ಮೀಟರನ್ನು ಎರಡು ಕಡೆಗೆ ಹಂಚಿ ನೋಡಿ. ಬಾಗಿಲು ದಪ್ಪ, ಕಾಲು ಇಡೋಷ್ಟು ತೆರೆದುಕೊಳ್ಳಬೇಕಲ್ಲ. ನಾನು ಗೋಡೆ ಕಡೆಗೆ ಒತ್ತಿ ನಿಲ್ಲಿಸಿ, ಮಕ್ಕಳನ್ನು ಮೊದಲೇ ಇಳಿಸಿಬಿಡುತ್ತೇನೆ. ಮೊದಲ ತಿಂಗಳಲ್ಲೇ ಬೇಸ್‌ಮೆಂಟ್ ಕಂಬಕ್ಕೆ ಎಡ ಹಿಂಬಾಗಿಲು ಉಜ್ಜಿದ್ದೇನೆ. ತಪ್ಪು ನನ್ನದೇ, ಫೋನಿನಲ್ಲಿ ಮಾತಾಡ್ತಿದ್ದೆ. ಆ ಹಳದಿ ಗೀರು ಇನ್ನೂ ಹಾಗೇ ಇದೆ, ಮಗ ಅದಕ್ಕೆ "ಹುಲಿ ಉಗುರು" ಅಂತ ಹೆಸರಿಟ್ಟಿದ್ದಾನೆ.

ಹಿಂಬಾಗಿಲು ಮೇಲಕ್ಕೆ ಏಳೋದಿಲ್ಲ, ಮನೆ ಬಾಗಿಲ ಹಾಗೆ ಪಕ್ಕಕ್ಕೆ ತೆರೆಯುತ್ತೆ. ಸ್ಟೆಪ್ನಿ ಅದರ ಮೇಲೇ ನೇತಾಡುತ್ತಿರೋದರಿಂದ ಭಾರ. ಹಿಂದೆ ಗಾಡಿ ಒತ್ತಿ ನಿಂತಿದ್ದರೆ ತರಕಾರಿ ಚೀಲ ಹಿಂದಿನ ಸೀಟಿನ ಮೇಲೇ. ಅದೇ ಸ್ಟೆಪ್ನಿ ಒಳಗಿನ ಕನ್ನಡಿಯಲ್ಲಿ ಅರ್ಧ ರಸ್ತೆ ಮುಚ್ಚುತ್ತೆ. ಕ್ಯಾಮೆರಾ ಚಿತ್ರ ತೋರಿಸೋ ಕನ್ನಡಿ ಇದೆ, ಅದನ್ನು ಬಿಟ್ಟು ತಗೋಬೇಡಿ. ಆ ಚಿತ್ರಕ್ಕೆ ಕಣ್ಣು ಹೊಂದಿಕೊಳ್ಳೋಕೆ ನನಗೆ ಒಂದು ವಾರ ಹಿಡಿಯಿತು.

ಇಷ್ಟೆಲ್ಲಾ ಬೈದಮೇಲೂ ಮಾರುತ್ತೀಯಾ ಅಂದ್ರೆ ಇಲ್ಲ. ವರ್ತೂರು ರಸ್ತೆಯ ಗುಂಡಿಗಳಲ್ಲಿ ಮಗಳು ಹಿಂದೆ ಕೂತು ಚಿತ್ರ ಬಿಡಿಸುತ್ತಾಳೆ. ಎರಡು ಗಂಟೆ ಟ್ರಾಫಿಕ್‌ನಲ್ಲಿ ಕೂತು ಇಳಿದರೆ ಸೊಂಟ ನೋಯಲ್ಲ. ನಗರದಲ್ಲಿ ಲೀಟರಿಗೆ ಏಳು, ಹೈವೇಯಲ್ಲಿ ಹನ್ನೊಂದು ಕೊಡುತ್ತಿದೆ, ನನ್ನ ಕಾಲಿನ ಲೆಕ್ಕ.

ಇನ್ನೊಂದು. 22 ಇಂಚಿನ ಚಕ್ರ ನೋಡೋಕೆ ಚೆಂದ, ತಗೋಬೇಡಿ. 20 ಇಂಚಿನ ಚಕ್ರದ 255/60 ಆರ್20ರಲ್ಲಿ ಟೈರಿನ ಗೋಡೆ 153 ಮಿ.ಮೀ. ಇರುತ್ತೆ. 275/45 ಆರ್22ರಲ್ಲಿ 124. ಆ ಒಂದು ಇಂಚಿಗೂ ಮೇಲಿನ ರಬ್ಬರು ನಮ್ಮ ಗುಂಡಿಗಳಿಗೆ ಬೇಕು.

ಕಾಫಿಗಿಡ

ಮೇಡಂ, ಇಂಥದ್ದೇ ಬೇಕಿತ್ತು. ಈಗಲೇ ಕೆಳಗೆ ಹೋಗಿ ಟೇಪು ಹಿಡಿದು ಬಂದೆ. ನಮ್ಮ ಜಾಗ 2.4 ಮೀಟರ್, ಒಂದು ಕಡೆ ಕಂಬ. ಪಕ್ಕದ ಮನೆ ಅಂಕಲ್ ತಮ್ಮ ಹೋಂಡಾ ಸಿಟಿಗೆ ಬಟ್ಟೆ ಹೊದಿಸುತ್ತಿದ್ದರು, "ಏನಪ್ಪಾ ಅಳೀತಾ ಇದೀಯಾ" ಅಂದರು. ಸುಮ್ನೆ ಅಂದೆ. ಅವರಿಗೆ ಅನುಮಾನ ಬಂದಿದೆ.

ಮೂರನೇಗೇರ್ (ಹುಬ್ಬಳ್ಳಿ)

ಅಗಲ ಉದ್ದ ಎಲ್ಲಾ ಕಣ್ಣಿಗೆ ಕಾಣೋ ವಿಷಯ. ಕಾಣದೇ ಇರೋದೊಂದು ಹೇಳುತ್ತೇನೆ. ನಾನು ಇಪ್ಪತ್ತು ವರ್ಷದಿಂದ ಗ್ಯಾರೇಜಿನಲ್ಲಿ ಇರೋನು, ಡೀಸೆಲ್ ನನ್ನ ಅನ್ನ.

ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿ ಯಾವ ಕಂಪನಿದೇ ಆಗಲಿ, ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಜರಡಿ ಇರುತ್ತದೆ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುತ್ತದೆ. ಜರಡಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಖಾಲಿ ಮಾಡಬೇಕು. ಸುಡಬೇಕಂದ್ರೆ ಸುಮಾರು 600 ಡಿಗ್ರಿ ಶಾಖ ಬೇಕು, ಅದು ಹದಿನೈದು ಇಪ್ಪತ್ತು ನಿಮಿಷ ನಿಲ್ಲಬೇಕು. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ಗೊತ್ತೇ ಆಗದ ಹಾಗೆ ನಡೆದುಹೋಗುತ್ತದೆ. 6 ಕಿ.ಮೀ. ಆಫೀಸಿಗೆ ಹೋಗಿ ಬಂದರೆ ಇಂಜಿನ್ ಸರಿಯಾಗಿ ಬಿಸಿ ಆಗೋ ಹೊತ್ತಿಗೆ ನೀವು ಕೀ ತಿರುಗಿಸಿರುತ್ತೀರಿ. ಸುಡೋದು ಅರ್ಧಕ್ಕೆ ನಿಲ್ಲುತ್ತೆ. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ.

ಸುಡೋಕೆ ಅಂತ ಗಾಡಿ ಜಾಸ್ತಿ ಡೀಸೆಲ್ ಬಿಡುತ್ತದೆ. ಅರ್ಧಕ್ಕೆ ನಿಂತಾಗಲೆಲ್ಲ ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಮ್ಮಿಯಾಗೋ ಬದಲು ಮಟ್ಟ ಏರುತ್ತದೆ. ಹೋದ ವರ್ಷ ಒಬ್ಬ ಡಾಕ್ಟರ್ ಗಾಡಿ ಬಂತು, ಹೆಸರು ಬೇಡ, ಅದೂ ದೊಡ್ಡದೇ. ಮನೆಯಿಂದ ಆಸ್ಪತ್ರೆಗೆ 3 ಕಿ.ಮೀ., ಎರಡು ವರ್ಷ ಅಷ್ಟೇ ಓಡಿದೆ. ಆಯಿಲ್ ಬೆರಳಿಗೆ ತಗೊಂಡು ಉಜ್ಜಿದೆ. ಜಿಡ್ಡೇ ಇಲ್ಲ, ನೀರು ನೀರು. ಮೂಸಿದರೆ ಬಂಕಿನ ವಾಸನೆ.

ಆಡ್‌ಬ್ಲೂ ಅನ್ನೋ ಯೂರಿಯಾ ದ್ರಾವಣ ಹಾಕಿದರೆ ಇದು ಸರಿ ಹೋಗುತ್ತೆ ಅಂತ ಜನ ತಿಳಿದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ನೈಟ್ರೋಜನ್ ಆಕ್ಸೈಡ್ ತಗ್ಗಿಸೋಕೆ, ಮಸಿ ಸುಡೋಕಲ್ಲ.

ನಿಮ್ಮನ್ನು ಕಾಪಾಡೋದು ನಿಮ್ಮ ತೋಟ ಸಾರ್. ಹದಿನೈದು ದಿನಕ್ಕೊಮ್ಮೆ ನೆಲಮಂಗಲ ದಾಟಿ ಹಾಸನದ ತನಕ ನೆಮ್ಮದಿಯಾಗಿ ಓಡಿದರೆ ಜರಡಿ ಚೊಕ್ಕ. ತೋಟ ಇಲ್ಲದ, ಬೆಂಗಳೂರು ಬಿಟ್ಟು ಹೊರಗೆ ಹೋಗದ ಯಾರಾದ್ರೂ ಇದನ್ನು ಓದುತ್ತಿದ್ದರೆ ಪೆಟ್ರೋಲ್ ನೋಡಿ. ಕುಡಿಯುತ್ತೆ, ಕುಡಿಯಲಿ.

ವರ್ತೂರುಕೋಡಿ

ಮೂರನೇಗೇರ್ ಅವರೇ, ನಾವು ತಿಂಗಳಿಗೊಮ್ಮೆ ಸುಮ್ನೆ ಕೋಲಾರದ ತನಕ ಹೋಗಿ ಬರ್ತೀವಿ, ಇದೇ ಕಾರಣಕ್ಕೆ. ಮನೆಯವರು ಅದಕ್ಕೆ "ಗಾಡಿಗೆ ವಾಕಿಂಗ್" ಅಂತಾರೆ.

ಕಡಲತಡಿ (ದುಬೈ)

ಮಾರಾಯ್ರೇ, ಇದನ್ನೆಲ್ಲ ಓದಿ ನಗು ಬರ್ತಾ ಉಂಟು. ಇಲ್ಲಿ ಅಗಲದ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ರಸ್ತೆಯೂ ಅಗಲ, ಪಾರ್ಕಿಂಗೂ ಅಗಲ. ಶಾಲೆಯ ಮುಂದೆ ಸಾಲಾಗಿ ಲ್ಯಾಂಡ್ ಕ್ರೂಸರ್, ಪೆಟ್ರೋಲ್, ಡಿಫೆಂಡರ್ ನಿಂತಿರುತ್ತವೆ. ಪೆಟ್ರೋಲ್ ಅಂದ್ರೆ ನಿಸ್ಸಾನ್ ಗಾಡಿಯ ಹೆಸರು, ಟ್ಯಾಂಕಿಗೆ ಹಾಕುವುದಲ್ಲ. ರಜೆಯ ದಿನ ಟೈರ್ ಗಾಳಿ 15 ಪಿಎಸ್‌ಐಗೆ ಇಳಿಸಿ ಮರಳಿಗೆ ಹೋಗುವುದು, ಸಂಜೆ ಗಾಳಿ ತುಂಬಿ ಮನೆಗೆ. ದೊಡ್ಡ ಗಾಡಿಗೆ ಇಲ್ಲಿ ಕೆಲಸ ಉಂಟು, ನಿಲ್ಲಿಸಲು ಜಾಗವೂ ಉಂಟು.

ಆದರೆ ಊರಿಗೆ ಬಂದಾಗ ಕದ್ರಿಯ ಓಣಿಯಲ್ಲಿ ನಾನು ಓಡಿಸುವುದು ಅಪ್ಪನ ವ್ಯಾಗನ್‌ಆರ್. ತಂಗಿಯ ಮದುವೆಗೆ ಅಂತ ದೊಡ್ಡ ಎಸ್‌ಯುವಿ ಬಾಡಿಗೆಗೆ ತೆಗೆದುಕೊಂಡು, ಎರಡನೇ ದಿನವೇ ವಾಪಸ್ ಕೊಟ್ಟೆ.

ಲೆಕ್ಕದವನು (ಬಸವನಗುಡಿ)

ಎಲ್ಲರೂ "ಒಂದು ಕೋಟಿ" ಅಂತ ಬರೀತಿದ್ದೀರಿ. ಶೋರೂಂ ಬೆಲೆ ಬೇರೆ, ಮನೆಗೆ ಬರೋ ಬೆಲೆ ಬೇರೆ.

ಶೋರೂಂ ಬೆಲೆ ಸರಿಯಾಗಿ ಒಂದು ಕೋಟಿ ಅಂತ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. ಅಂದ್ರೆ 18 ಲಕ್ಷ, ಅದರ ಮೇಲೆ 1.98 ಲಕ್ಷ. 20 ಲಕ್ಷ ಆರ್‌ಟಿಒಗೇ ಹೋಯಿತು. ಆ ದುಡ್ಡಿಗೆ ಒಂದು ಥಾರ್ ರಾಕ್ಸ್ ಬರುತ್ತದೆ. ಮೇಲಿಂದ ವಿಮೆ. 10 ಲಕ್ಷ ಮೀರಿದ್ದಕ್ಕೆ ಶೇ 1 ಟಿಸಿಎಸ್ (ಮಾರೋವಾಗಲೇ ವಸೂಲಿ ಮಾಡೋ ಆದಾಯ ತೆರಿಗೆ) ಕೂಡ ಹಿಡೀತಾರೆ, ಅದು ಮಾತ್ರ ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಅಲ್ಲಿ ತೆರಿಗೆ ಕಮ್ಮಿ, ಪುದುಚೇರಿ ನಂಬರ್ ಹಾಕಿಸಿ ಅಂತ ಯಾರೋ ಒಬ್ಬರು ಹೇಳೇ ಹೇಳ್ತಾರೆ. ಹೇಳಿದವರ ಹೆಸರಲ್ಲಿ ನೋಟಿಸ್ ಬರಲ್ಲ, ನಿಮ್ಮ ಹೆಸರಲ್ಲಿ ಬರುತ್ತೆ. 12 ತಿಂಗಳು ಮೀರಿ ಇಲ್ಲಿ ಗಾಡಿ ಇಟ್ಟರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು.

ಇನ್ನೆರಡು ತಪ್ಪು ತಿಳಿವಳಿಕೆ. ಒಂದು, "ಟಾಟಾದವರದೇ ಅಲ್ವಾ, ಅಗ್ಗ ಆಗಬೇಕು." ಟಾಟಾ 2008ರಲ್ಲಿ ಫೋರ್ಡ್ ಕಡೆಯಿಂದ ಈ ಕಂಪನಿ ಕೊಂಡಿದ್ದು ನಿಜ. ಗಾಡಿ ತಯಾರಾಗೋದು ಸ್ಲೊವಾಕಿಯಾದ ನಿಟ್ರಾದಲ್ಲಿ. ಕಟ್ಟಿದ ಗಾಡಿ ಹಡಗಿನಲ್ಲಿ ಬರುತ್ತದೆ, ಆಮದು ಸುಂಕ ಬಿದ್ದೇ ಬೀಳುತ್ತದೆ. ಪುಣೆಯಲ್ಲಿ ಜೋಡಿಸಲು ಶುರು ಮಾಡಿದ್ದು ರೇಂಜ್ ರೋವರ್ ಮತ್ತು ರೇಂಜ್ ರೋವರ್ ಸ್ಪೋರ್ಟ್. ಇನ್ನೊಂದು, "ಬ್ರಿಟನ್ ಜೊತೆ ಒಪ್ಪಂದ ಆಯ್ತಲ್ಲ, ಇಳಿಯುತ್ತೆ." 2025ರ ಜುಲೈನಲ್ಲಿ ಸಹಿಯಾದ ಒಪ್ಪಂದ ಬ್ರಿಟನ್ನಿನಲ್ಲಿ ತಯಾರಾದ ಕಾರಿಗೆ. ಬ್ಯಾಡ್ಜ್ ಬ್ರಿಟನ್ನಿನದು, ಹುಟ್ಟಿದ ಊರು ನಿಟ್ರಾ.

ಇಳಿದದ್ದು ಜಿಎಸ್‌ಟಿ. ಸೆಸ್ ಸೇರಿ ಶೇ 50 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40.

ಇಂಬಳ

ಅಂದ್ರೆ ರಸ್ತೆ ತೆರಿಗೆ ದುಡ್ಡಲ್ಲೇ ಅರ್ಧ ಕಿಲೋಮೀಟರ್ ಕಾಂಕ್ರೀಟ್ ಆಯ್ತು ಬಿಡಿ.

ತಮಾಷೆ ಬಿಟ್ಟು ಹೇಳ್ತೀನಿ. 291 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ತಳಕ್ಕೂ ನಡುವಿನ ಅಂತರ) ಅಂತ ಎಲ್ಲಾ ಕಡೆ ಬರೆದಿರ್ತಾರಲ್ಲ, ಅದು ಸಸ್ಪೆನ್ಷನ್ ಎತ್ತಿದಾಗ. ಮಾಮೂಲಿ ಎತ್ತರದಲ್ಲಿ 218. ವೇಗ ಏರಿದ ಹಾಗೆ ತಾನೇ ಕೆಳಗಿಳಿಯುತ್ತೆ. ತೋಟದ ಜಾಡಿನಲ್ಲಿ ನಿಧಾನ ಹೋಗೋದರಿಂದ ನಿಮಗೆ ತೊಂದರೆ ಇಲ್ಲ. ಆದರೆ ನಮ್ಮ ಕಡೆ ಗಾಡಿ ನಿಲ್ಲೋದು ಎತ್ತರ ಸಾಲದೆ ಅಲ್ಲ, ಟೈರಿಗೆ ಕೆಸರು ಮೆತ್ತಿ. ರೋಡ್ ಟೈರಿನ ಕಚ್ಚು ತುಂಬಿಕೊಂಡರೆ ಅದು ಬೋಂಡದ ಹಾಗೆ ನುಣ್ಣಗೆ. ಕೋಟಿ ಗಾಡಿಯೂ ಜಾರುತ್ತೆ, ನನ್ನ ಜೀಪೂ ಜಾರುತ್ತೆ. ಕೆಸರಿನ ಟೈರ್ ಹಾಕಿದರೆ ಹೈವೇಯಲ್ಲಿ ಜೇನುಗೂಡಿನ ಸದ್ದು. ಯಾವುದು ಬೇಕು ಆರಿಸಿಕೊಳ್ಳಿ.

ಬಿಡದಿಬಾಯ್

ನೀರಿನ ವಿಷಯ ಬಿಟ್ಟೇ ಹೋಯ್ತು. 900 ಮಿ.ಮೀ. ನೀರಲ್ಲಿ ಹೋಗುತ್ತೆ ಅಂತಾರೆ, ಹತ್ತಿರ ಹತ್ತಿರ ಮೂರಡಿ. 2022ರ ಸೆಪ್ಟೆಂಬರ್ ಥರ ಮತ್ತೆ ಬಂದರೆ ಬೆಂಗಳೂರಿಗೆ ಇದೇ ಸರಿ ಅಲ್ವಾ?

ವರ್ತೂರುಕೋಡಿ

ಆ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಲ್ಲಿ ನಮ್ಮನೆಯವರೂ ಒಬ್ಬರು. ಆಗ ನಮ್ಮ ಹತ್ತಿರ ಈ ಗಾಡಿ ಇರಲಿಲ್ಲ. ಇದ್ದಿದ್ದರೂ ಇಳಿಸ್ತಿರಲಿಲ್ಲ. ಕಂಪನಿ ಹೇಳೋ ಮೂರಡಿ, ಕೆಳಗಿನ ನೆಲ ಗೊತ್ತಿರೋ ನೀರಿಗೆ. ನಮ್ಮಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ಹೋಗಿರುತ್ತೆ, ಚರಂಡಿ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರು ಅಂತ ಯಾರಿಗೂ ಗೊತ್ತಿರಲ್ಲ. ಇನ್ನೊಂದು, ಎರಡು ಟನ್ ಗಾಡಿ ನೀರಲ್ಲಿ ನುಗ್ಗಿದರೆ ಅಲೆ ಏಳುತ್ತೆ. ನನ್ನ ಗಾಡಿ ದಾಟಿ ಹೋಗಬಹುದು, ಪಕ್ಕದಲ್ಲಿ ಸ್ಕೂಟರ್ ತಳ್ಳಿಕೊಂಡು ಹೋಗೋ ಹುಡುಗ ಬೀಳ್ತಾನೆ.

ಹೋದ ಮಳೆಗಾಲದಲ್ಲಿ ಒಂದು ಅಂಡರ್‌ಪಾಸ್ ಮುಂದೆ ಹಿಂದಿನವರು ಹಾರ್ನ್ ಮಾಡಿದರು, "ಇಂಥಾ ಗಾಡಿ ಇಟ್ಕೊಂಡು ಹೆದರ್ತೀರಲ್ಲ ಮೇಡಂ" ಅಂತ. ನಾನು ಪಕ್ಕಕ್ಕೆ ತಗೊಂಡು ಅವರಿಗೆ ದಾರಿ ಬಿಟ್ಟೆ. ಅವರೂ ಹೋಗಲಿಲ್ಲ.

ವಿಮೆಯಲ್ಲಿ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಆಯ್ಕೆ ಇರುತ್ತೆ, ಅದನ್ನು ಮರೆಯಬೇಡಿ. ಇಂಜಿನ್ ಒಳಗೆ ನೀರು ಹೋದರೆ ಮಾಮೂಲಿ ಪಾಲಿಸಿ ಕೈ ಎತ್ತುತ್ತೆ.

ಘಾಟಿತಿರುವು (ಹಾಸನ)

ತಡವಾಗಿ ಬಂದೆ. ನಾನು ಒಂದು ಐರೋಪ್ಯ ಎಸ್‌ಯುವಿ ನಾಲ್ಕು ವರ್ಷ ಇಟ್ಟುಕೊಂಡಿದ್ದೆ. ಯಾವುದು ಅಂತ ಕೇಳಬೇಡಿ, ಜಗಳ ಬೇಡ. ಶಿರಾಡಿ ಘಾಟಿಯಲ್ಲಿ ಏರ್ ಸಸ್ಪೆನ್ಷನ್‌ನ ಒಂದು ಬಲೂನು ಸೋರಿತು. ಗಾಡಿ ಒಂದು ಕಡೆ ಕುಸಿದು, ಕುಂಟುವ ಆನೆ ಥರ ಗುಂಡ್ಯದ ಹತ್ತಿರ ನಿಂತಿತು. ರಾತ್ರಿ ಒಂಬತ್ತು, ಸಿಗ್ನಲ್ ಇಲ್ಲ. ಟ್ಯಾಂಕರ್ ಡ್ರೈವರ್ ಒಬ್ಬರು ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡಿ, "ಇದಕ್ಕೆ ಸ್ಪ್ರಿಂಗ್ ಪ್ಲೇಟು ಇಲ್ವಾ ಸಾರ್?" ಅಂದರು. ಇಲ್ಲ ಅಂದೆ. ಅವರಿಗೆ ಪಾಪ ಅನ್ನಿಸಿರಬೇಕು, ಚಹಾ ಕೊಟ್ಟರು.

ಫ್ಲಾಟ್‌ಬೆಡ್ ಬೆಂಗಳೂರಿಂದ ಬರಬೇಕು. ಭಾಗ ಬರೋಕೆ 22 ದಿನ. ವಾರಂಟಿ ಇತ್ತು, ದುಡ್ಡು ಹೋಗಲಿಲ್ಲ. ಆ 22 ದಿನ ನನ್ನನ್ನು ಓಡಾಡಿಸಿದ್ದು ಮಾವನ ಸ್ವಿಫ್ಟ್.

ಹಾಗಾಗಿ ಡಿಫೆಂಡರ್ ತಗೊಂಡರೆ ಮೂರು ವರ್ಷ ಆದಮೇಲೂ ವಾರಂಟಿ ಮುಂದುವರಿಸಿ. ಹಾಸನ, ಸಕಲೇಶಪುರದಲ್ಲಿ ಇದನ್ನು ಮುಟ್ಟುವ ಕೈ ಇಲ್ಲ. ಮನೆಯಲ್ಲಿ ಇನ್ನೊಂದು ಗಾಡಿ ಇರಲೇಬೇಕು. ಇನ್ನೋವಾ ಮಾರಬೇಡಿ.

ಕಾಫಿಗಿಡ

ಮತ್ತೆ ಬಂದೆ. ಶನಿವಾರ ಭಾನುವಾರ ತೋಟಕ್ಕೆ ಹೋಗಿದ್ದೆ, ಟೇಪು ತಗೊಂಡೇ ಹೋಗಿದ್ದೆ.

ಮೊದಲು ನನ್ನ ತಿಂಗಳ ಲೆಕ್ಕ. ಆಫೀಸು 22 ದಿನ, ದಿನಕ್ಕೆ 12 ಕಿ.ಮೀ., ಒಟ್ಟು 264. ತೋಟ ಎರಡು ಸಲ, 880. ಕಿಲೋಮೀಟರ್ ನೋಡಿದರೆ ನಾನು ಹೈವೇ ಮನುಷ್ಯ, ಡೀಸೆಲ್ ಸರಿ, ಮೂರನೇಗೇರ್ ಅವರ ಜರಡಿಯೂ ಚೊಕ್ಕ. ಗಂಟೆ ಲೆಕ್ಕ ಹಾಕಿದೆ. ಆಫೀಸು ಶಾಲೆ ಸೇರಿ ದಿನಕ್ಕೆ ಒಂದೂಕಾಲು ಗಂಟೆ, ತಿಂಗಳಿಗೆ 27 ದಾಟುತ್ತೆ. ತೋಟದ ದಾರಿ ಐದೈದು ಗಂಟೆ, ನಾಲ್ಕು ಸಲ, 20. ಅಂದ್ರೆ ಸ್ಟಿಯರಿಂಗ್ ಹಿಡಿದು ಕೂರೋ ಹೆಚ್ಚಿನ ಹೊತ್ತು ನಾನಿರೋದು ಜೆ.ಪಿ. ನಗರದ ಗಲ್ಲಿಯಲ್ಲಿ. ಅಲ್ಲಿ ಈ ಗಾಡಿಯ ಲೋ ರೇಂಜ್, ಮೂರಡಿ ನೀರು ಯಾವುದೂ ಕೆಲಸಕ್ಕೆ ಬರಲ್ಲ. ಸೀಟು ಮತ್ತು ಸಸ್ಪೆನ್ಷನ್ ಬರುತ್ತೆ, ನಿಜ. ಅದಕ್ಕೆ ಪ್ರತಿಯಾಗಿ 2.4 ಮೀಟರ್ ಪಾರ್ಕಿಂಗ್‌ನಲ್ಲಿ ದಿನಾ ಎರಡು ಸಲ ಉಸಿರು ಬಿಗಿ ಹಿಡಿಯಬೇಕು.

ಇನ್ನು ತೋಟ. ಮಣ್ಣು ರಸ್ತೆ, ಏರು, ಎಲ್ಲಾ ಅಳೆದೆ, ಎಲ್ಲೂ ತೊಂದರೆ ಇಲ್ಲ. ಮನೆಗೆ ತಿರುಗೋ ಗೇಟಿನ ಹತ್ತಿರ ಬಂದು ನಿಂತೆ. ಅಜ್ಜ ಕಟ್ಟಿಸಿದ ಕಲ್ಲಿನ ಕಂಬಗಳು, ಪಾಚಿ ಹಿಡಿದು ಹಸಿರಾಗಿವೆ. ಎರಡರ ನಡುವೆ ಸರಿಯಾಗಿ ಏಳು ಅಡಿ. ಅಂದ್ರೆ 2,134 ಮಿ.ಮೀ. ಡಿಫೆಂಡರ್ ಕನ್ನಡಿ ತೆರೆದಿದ್ದರೆ 2,105. ಎರಡೂ ಕಡೆ ಸೇರಿ ಉಳಿಯೋದು 29 ಮಿ.ಮೀ. ಕನ್ನಡಿ ಮಡಚಿದರೆ ಒಂದೊಂದು ಕಡೆ ಎರಡೂವರೆ ಇಂಚು. ಅದೂ ತಿರುವಿನಲ್ಲಿ, ಅದೂ ಮಳೆಯಲ್ಲಿ.

ಅಪ್ಪ ಕೊಡೆ ಹಿಡಿದು ನೋಡುತ್ತಿದ್ದರು. ಏನು ಅಳೀತಿದ್ದೀಯ ಅಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಫಿ ಲಾರಿ ಇಪ್ಪತ್ತು ವರ್ಷದಿಂದ ಹೊರಗೇ ನಿಲ್ಲುತ್ತೆ. ಮೂಟೆ ಎಲ್ಲಾ ತಲೆ ಮೇಲೆ ಹೊತ್ತು ತರಬೇಕು. ಆಗೆಲ್ಲ ನಿನಗೆ ಟೇಪು ಸಿಗಲಿಲ್ಲ" ಅಂದರು.

ಬಿಡದಿಬಾಯ್

ಸಾರ್, ಡಿಫೆಂಡರ್ 90 ಚಿಕ್ಕದಲ್ವಾ? ಅದು ನುಗ್ಗಬಹುದು.

ವರ್ತೂರುಕೋಡಿ

90 ಚಿಕ್ಕದಿರೋದು ಉದ್ದದಲ್ಲಿ. ಅಗಲ ಎರಡಕ್ಕೂ ಒಂದೇ.

ಇಂಬಳ

ನಿಮ್ಮಪ್ಪನ ಮಾತಿಗೆ ಏನು ಉತ್ತರ ಕೊಟ್ರಿ?

ಕಾಫಿಗಿಡ

ಏನು ಕೊಡೋದು. ಸೋಮವಾರ ಮೇಸ್ತ್ರಿ ಬರ್ತಾರೆ. ಕಂಬ ಒಡೆಯಲ್ಲ, ಬಲಗಡೆಯದನ್ನು ಬಿಚ್ಚಿ ಅದೇ ಕಲ್ಲಿನಿಂದ ಆಚೆ ಕಟ್ಟೋದು ಅಂತ ಆಗಿದೆ. ಬಿಲ್ಲು ನನ್ನದು.

ಗಾಡಿ ಸದ್ಯಕ್ಕೆ ಬುಕ್ ಮಾಡುತ್ತಿಲ್ಲ. ಇನ್ನೋವಾ ಇರುತ್ತೆ. ಶಾಲೆಗೆ ಅದೇ, ಆಫೀಸಿಗೆ ಮೆಟ್ರೊ ನೋಡ್ತೀನಿ. ಡಿಫೆಂಡರ್ ತಗೊಂಡರೂ ಅದು ದಿನದ ಗಾಡಿ ಆಗಲ್ಲ, ತೋಟದ ಗಾಡಿ ಆಗುತ್ತೆ. ದಿನದ ಗಾಡಿ ಅಲ್ಲದ್ದಕ್ಕೆ 20 ಲಕ್ಷ ತೆರಿಗೆ ಕಟ್ಟೋಕೆ ಇನ್ನೊಂದು ವರ್ಷ ಮನಸ್ಸು ಗಟ್ಟಿ ಮಾಡ್ಕೋಬೇಕು. ವಿಡಿಯೊ ನೋಡೋದು ಬಿಟ್ಟಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಇಂಬಳ

ಗೇಟು ಹತ್ತಡಿ ಇಡಿ. ಲಾರಿ ತಿರುಗೋಕೆ ಬೇಕು.

ಕಾಫಿಗಿಡ

ಅಪ್ಪ ಹನ್ನೆರಡು ಅಂದಿದ್ದಾರೆ.